ಮೂರು ಸಿನಿಮಾ, ಒಂದು ಲೋಟ

ಎರಡು ದಿನ ರಜೆ ಸಿಕ್ತು, ಮೂರು ಸಿನಿಮಾ ನೋಡಿ ಕಣ್ಣು ಕೆಂಪು ಮಾಡಿಕೊಂಡೆ.

‘ಕಾಟೇರ’ (2023): ನಮ್ಮ ಬ್ಯಾಡಗಿ ಮೆಣಸಿನಕಾಯಿ ಇದ್ದಂಗ. ಬಣ್ಣ ಭಾಳ, ಖಾರ ಕಮ್ಮಿ. ಉಳುವವನಿಗೆ ಭೂಮಿ ಅಂತ ಹೀರೋ ಮಚ್ಚು ಹಿಡೀತಾನ. ಮಚ್ಚಿಗೆ ಫೈಲ್ ಸರಿಯಂಗಿದ್ರ ನನ್ನಂಥ ಗುಮಾಸ್ತ ಯಾಕ ಬೇಕಿತ್ತು?

‘ಚೋಮನ ದುಡಿ’ (1975): ಮತ್ತ ನೋಡಿದೆ. ಫೈಟೂ ಇಲ್ಲ, ಚೋಮಗ ಭೂಮಿನೂ ಇಲ್ಲ. ದುಡಿ ಸದ್ದು ಮಾತ್ರ ರಾತ್ರಿಯೆಲ್ಲ ಕಿವ್ಯಾಗ.

‘ಪರಿಯೇರುಂ ಪೆರುಮಾಳ್’ (2018): ಕೊನೆಗೆ ಎರಡು ಚಹಾ ಲೋಟ, ನಡುವೆ ಒಂದು ಹೂವು. ರಾಣೆಬೆನ್ನೂರು ಕಡೆ ಹಳ್ಳಿ ಹೋಟೆಲ್‌ನಾಗ ಅಪ್ಪಗ ಹೊರಗಿಟ್ಟಿದ್ದ ಲೋಟ ನೆನಪಾತು. ಕುಡಿದು, ತಾನೇ ತೊಳೆದು, ಬೋರಲು ಹಾಕತಿದ್ದ.

ಮಚ್ಚಿಗೆ ಸೀಟಿ ಹೊಡೀರಿ, ಬ್ಯಾಡ ಅನ್ನಲ್ಲ. ಆದ್ರ ಆ ಲೋಟ ನಿಮ್ಮೂರಾಗ ಈಗ ಎಲ್ಲೈತಿ, ಒಮ್ಮೆ ನೋಡ್ರಿ.