ಡೆಮೊ ನೋಡಿ ಮರುಳಾಗುವವರಿಗೆ

ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯುವವ ನಾನು. ಅದಕ್ಕೇ ಹೇಳ್ತೇನೆ: ಡೆಮೊ ನೋಡಿ ಸಾಫ್ಟ್‌ವೇರ್ ಕೊಳ್ಳಬೇಡಿ. ಡೆಮೊ ಅಂದ್ರೆ ಹೆಣ್ಣು ನೋಡುವ ದಿನದ ಉಪ್ಪಿಟ್ಟು-ಶೀರಾ. ಆ ಒಂದು ದಿನ ಎಲ್ಲರ ಮನೆಯಲ್ಲೂ ಅದು ರುಚಿಯಾಗಿಯೇ ಇರ್ತದೆ.

ನಮ್ಮಲ್ಲಿ ಆಯ್ಕೆ ನಡೆಯುವ ಕ್ರಮ ಗೊತ್ತುಂಟಲ್ಲ? ನಿರ್ದೇಶಕರೊಬ್ಬರ ಪರಿಚಯದವರು ಲ್ಯಾಪ್‌ಟಾಪ್ ಹಿಡಿದು ಬರ್ತಾರೆ, ಬಣ್ಣಬಣ್ಣದ ಗ್ರಾಫ್ ತೋರಿಸ್ತಾರೆ. ಹೆಸರಿಗೆ ಮೂರು ಕೊಟೇಶನ್ ತರಿಸಿ ಕಡಿಮೆಯದ್ದಕ್ಕೆ ಸಹಿ ಹಾಕಿದರೆ ಮುಗೀತು. ದಿನವಿಡೀ ಅದರ ಮುಂದೆ ಕೂರಬೇಕಾದವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಬನ್ನಂಜೆಯ ನನ್ನ ಮನೆಯ ಹತ್ತಿರದ ಗುಮಾಸ್ತರೊಬ್ಬರು ರಾತ್ರಿ ಎಂಟಕ್ಕೆ ಮನೆ ಸೇರುತ್ತಾರೆ. ಅವರ ಸೊಸೈಟಿ ಕೊಂಡ ಹೊಸ ಸಾಫ್ಟ್‌ವೇರಿಗೆ ಪಿಗ್ಮಿ ಏಜೆಂಟರ ಮೆಷಿನ್ ಲೆಕ್ಕ ನೇರ ಇಳಿಯುವುದಿಲ್ಲ. ದಿನಾ ಸಂಜೆ ಒಂದೊಂದೇ ಖಾತೆಯನ್ನು ಕೈಯಲ್ಲಿ ಹೊಡೀಬೇಕು. ಒಂದು ಸೊನ್ನೆ ತಪ್ಪಿದರೆ ಬೈಗುಳ ಅವರಿಗೇ.

ಪಿಗ್ಮಿ ಹುಟ್ಟಿದ ಊರಲ್ಲೇ ಈ ಕತೆ ಮಾರಾಯ್ರೆ! 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ತಂದದ್ದು ಹೇಗೆ? ಬಡವರ ಕೈಯಲ್ಲಿ ದಿನಕ್ಕೆ ಎರಡಾಣೆ ಉಳಿದರೆ ಹೆಚ್ಚು ಅಂತ ಮೊದಲು ಕಂಡುಕೊಂಡು, ಆಮೇಲೆ ಯೋಜನೆ ಮಾಡಿದರು. ನಾವೀಗ ಯೋಜನೆಯನ್ನು ಮೊದಲು ಕೊಂಡು, ಕೆಲಸವನ್ನು ಅದಕ್ಕೆ ತಕ್ಕಂತೆ ಬಗ್ಗಿಸ್ತೇವೆ.

ತಪ್ಪಾದರೆ ಬದಲಾಯಿಸಿದರಾಯ್ತು ಅಂತೀರಾ? 2019ರಲ್ಲಿ ಸರ್ಕಾರ ಬ್ಯಾಂಕ್ ವಿಲೀನ ಪ್ರಕಟಿಸಿದಾಗ, ಜೋಡಿಗಳಲ್ಲಿ ಒಂದೇ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಇರುವುದನ್ನೂ ಅನುಕೂಲವೆಂದು ಎಣಿಸಿತು. ಸಿಂಡಿಕೇಟ್, ಕೆನರಾ ಎರಡರಲ್ಲೂ ಫ್ಲೆಕ್ಸ್‌ಕ್ಯೂಬ್. 1906ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, ಅದು ಸೇರಿದ ಯೂನಿಯನ್ ಬ್ಯಾಂಕ್, ಎರಡರಲ್ಲೂ ಫಿನಾಕಲ್. 2020ರ ಏಪ್ರಿಲ್ 1ಕ್ಕೆ ನಮ್ಮೂರಿನ ಎರಡೂ ಹೆಸರು ಹೋದವು, ಸಾಫ್ಟ್‌ವೇರ್ ಉಳಿಯಿತು. ಸಂಸ್ಥೆಯ ಬೋರ್ಡಿಗಿಂತ ಹೆಚ್ಚು ಬಾಳುವ ವಸ್ತುವನ್ನು ಒಂದು ಮಧ್ಯಾಹ್ನ ಕಾಫಿ ಕುಡಿಯುತ್ತಾ ಆರಿಸುವುದೇ?

ಹಳ್ಳಿಯಲ್ಲಿ ದನ ಕೊಳ್ಳುವವರು ಎರಡು ಹೊತ್ತು ಹಾಲು ಕರೆದು ನೋಡದೆ ಹಗ್ಗ ಹಿಡಿಯುವುದಿಲ್ಲ. ಇಲ್ಲಿಯೂ ಅಷ್ಟೇ. ಮಾರುವವರನ್ನು ಕರೆಯುವ ಮೊದಲೇ ನಿಮ್ಮ ಕೆಲಸಗಳನ್ನು ಬರೆದಿಡಿ. ಯಾವುದು ಬೇಕೇಬೇಕು, ಯಾವುದು ಇದ್ದರೆ ಒಳ್ಳೇದು, ಯಾವುದಕ್ಕೆ ಎಷ್ಟು ಅಂಕ ಅಂತ ಆಗಲೇ ತೀರ್ಮಾನವಾಗಲಿ. ಡೆಮೊಗೆ ಅವರ ಚೆಂದದ ಲೆಕ್ಕ ಬೇಡ. ನಿಮ್ಮದೇ ಮಾರ್ಚ್ ಕೊನೆಯ ವಾರದ ಲೆಕ್ಕವನ್ನು ಗ್ರಾಹಕರ ಹೆಸರು ತೆಗೆದು ಕೊಡಿ, ಗುಮಾಸ್ತರೇ ಕೈಯಾರೆ ನಡೆಸಿ ನೋಡಲಿ. ಈಗಾಗಲೇ ಬಳಸುತ್ತಿರುವ ಕಡೆಗೆ ಮಾರುವವರನ್ನು ಬಿಟ್ಟು ನೀವಷ್ಟೇ ಹೋಗಿ ಬನ್ನಿ. ಬೆಲೆ ಅಂದರೆ ಇವತ್ತಿನ ಕೊಟೇಶನ್ ಅಲ್ಲ. ತರಬೇತಿ, ಹಳೇ ಲೆಕ್ಕದ ವರ್ಗಾವಣೆ, ವರ್ಷ ವರ್ಷದ ನಿರ್ವಹಣೆ ಸೇರಿಸಿ ಐದು ವರ್ಷದ ಮೊತ್ತ ಕೂಡಿಸಿ. ನಾಳೆ ಬಿಡುವುದಾದರೆ ನಮ್ಮ ಡೇಟಾ ಯಾವ ರೂಪದಲ್ಲಿ ವಾಪಸ್ ಸಿಗ್ತದೆ ಅನ್ನುವುದು ಒಪ್ಪಂದದಲ್ಲೇ ಇರಲಿ.

ಇದಕ್ಕೆಲ್ಲ ಪುರುಸೊತ್ತು ಎಲ್ಲುಂಟು ಅನ್ನುವವರಿಗೆ ಒಂದೇ ಮಾತು. ಕಮಿಟಿ ಉಳಿಸಿದ ಆ ನಾಲ್ಕು ವಾರವನ್ನು ಗುಮಾಸ್ತರು ಪ್ರತಿ ಸಂಜೆ ಎರಡೆರಡು ಗಂಟೆಯಂತೆ ಕಟ್ಟುತ್ತಿದ್ದಾರೆ, ಬಡ್ಡಿ ಸಮೇತ. ನಾಳೆ ನಿಮ್ಮ ಆಫೀಸಿನಲ್ಲೂ ಇಂಥ ಕಮಿಟಿ ಆಗ್ತದೆ, ನೀವೂ ಅದರಲ್ಲಿ ಇರ್ತೀರಿ. ಪ್ರೊಜೆಕ್ಟರ್ ಹಾಕುವ ಮೊದಲು ಅಂಥವರಿಗೊಂದು ಕುರ್ಚಿ ಹಾಕಿಸಿ. ಅವರು ಬೇಡ ಅಂದದ್ದನ್ನು ಕೊಳ್ಳಬೇಡಿ.