ಸೈಕಲ್ ಬಲ್ಲ ಮಗು ರಸ್ತೆಯನ್ನೂ ಬಲ್ಲುದೇ?

ಸೈಕಲ್ ತುಳಿಯುವುದು ಒಂದು ಕೌಶಲ. ವಾಹನಗಳ ನಡುವೆ ಸೈಕಲ್ ತುಳಿಯುವುದು ವಿವೇಕಕ್ಕೆ ಸೇರಿದ ವಿಷಯ. ಮೊದಲನೆಯದನ್ನು ಆರೇಳು ವರ್ಷದ ಮಗು ಕೆಲವೇ ದಿನಗಳಲ್ಲಿ ಕರಗತ ಮಾಡಿಕೊಳ್ಳಬಲ್ಲುದು. ಎರಡನೆಯದು ಮೈಗೂಡಲು ವರ್ಷಗಳೇ ಬೇಕು. ಈ ಅಂತರವನ್ನು ಗಮನಿಸದೆ, 'ನಮ್ಮ ಮಗುವಿಗೆ ಸೈಕಲ್ ಬರುತ್ತದೆ' ಎಂಬ ಒಂದೇ ಧೈರ್ಯದ ಮೇಲೆ ನಾವು ಮಕ್ಕಳನ್ನು ರಸ್ತೆಗೆ ಕಳುಹಿಸುತ್ತೇವೆ.

ಬಲಕ್ಕೆ ತಿರುಗುವ ಸಾಮಾನ್ಯ ಕ್ರಿಯೆಯನ್ನೇ ಪರಿಶೀಲಿಸೋಣ. ಮಗು ಹಿಂದಿರುಗಿ ನೋಡಬೇಕು, ಕೈಚಾಚಿ ಸೂಚನೆ ನೀಡಬೇಕು, ಎದುರಿನ ವಾಹನದ ವೇಗವನ್ನು ಅಂದಾಜಿಸಬೇಕು. ಇಷ್ಟರ ನಡುವೆ ಒಂದೇ ಕೈಯಿಂದ ಸೈಕಲನ್ನು ನೇರವಾಗಿರಿಸಬೇಕು. ಗಂಟೆಗೆ 60 ಕಿ.ಮೀ. ವೇಗದ ಬಸ್ಸು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಪರದೆಯ ಮೇಲಿನ ಕೃತಕ ರಸ್ತೆಯಲ್ಲಿ 10 ಮತ್ತು 12 ವರ್ಷದ ಮಕ್ಕಳನ್ನು ಪರೀಕ್ಷಿಸಿ, 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವಾಹನಗಳ ನಡುವಣ ಅಂತರವನ್ನು ಆ ಮಕ್ಕಳು ಹಿರಿಯರಂತೆಯೇ ಆರಿಸಿಕೊಂಡರು. ಆದರೆ ಹೊರಡುವಲ್ಲಿ ತಡಮಾಡಿದರು. ಆದುದರಿಂದ ದಾಟಿ ಮುಗಿಸುವಾಗ ಅವರಿಗೂ ವಾಹನಕ್ಕೂ ನಡುವೆ ಉಳಿದ ಸಮಯ ತೀರಾ ಕಡಿಮೆಯಾಗಿತ್ತು. ಇದು ಅವಿಧೇಯತೆಯಲ್ಲ, ಬೆಳವಣಿಗೆಯ ಒಂದು ಹಂತ.

ಒಬ್ಬನ ಶಕ್ತಿಗೆ ಮೀರಿದುದನ್ನು ಅವನ ಕರ್ತವ್ಯವೆಂದು ವಿಧಿಸಲಾಗದು ಎಂಬುದು ನೀತಿಶಾಸ್ತ್ರದ ಮೂಲಪಾಠ. ಅಪಘಾತ ನಡೆದಾಗ 'ಮಗು ಅಡ್ಡ ಬಂತು' ಎಂದು ಹೇಳಿ ಮುಗಿಸುವ ಸಮಾಜ ಈ ಪಾಠವನ್ನು ಮರೆತಿದೆ.

ಹಾಗಾದರೆ ಮಕ್ಕಳ ಕೈಯಿಂದ ಸೈಕಲನ್ನೇ ಕಸಿದುಕೊಳ್ಳಬೇಕೇ? ಖಂಡಿತ ಬೇಡ. 2006-07ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡತೊಡಗಿದಾಗ, ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ದೂರದ ಪ್ರೌಢಶಾಲೆ ಹತ್ತಿರವಾಯಿತು. ಭಯದಿಂದ ಆ ಸ್ವಾತಂತ್ರ್ಯವನ್ನು ಹಿಂತೆಗೆದುಕೊಂಡು, ಪ್ರತಿ ಮಗುವನ್ನೂ ಕಾರು ಸ್ಕೂಟರುಗಳಲ್ಲಿ ಒಯ್ದರೆ ಶಾಲೆಯ ಮುಂದಿನ ವಾಹನಸಂದಣಿಯೇ ಹೆಚ್ಚುತ್ತದೆ.

ನೆದರ್ಲೆಂಡ್ಸ್ ದೇಶದಲ್ಲಿ 1971ರ ಒಂದೇ ವರ್ಷ ನಾನೂರಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತರು. ಅಲ್ಲಿನ ಹೆತ್ತವರು ಮಕ್ಕಳನ್ನು ಮನೆಯೊಳಗೆ ಕೂಡಿಹಾಕಲಿಲ್ಲ. 'ಮಕ್ಕಳ ಹತ್ಯೆ ನಿಲ್ಲಿಸಿ' ಎಂಬ ಹೆಸರಿನ ಚಳವಳಿ ಹೂಡಿದರು. ಕಾಲಕ್ರಮದಲ್ಲಿ ಸೈಕಲಿಗೆ ಪ್ರತ್ಯೇಕ ಪಥಗಳಾದವು, ವಸತಿ ಬೀದಿಗಳಲ್ಲಿ ವೇಗ ತಗ್ಗಿತು. ಅಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ವರ್ಷಗಳಲ್ಲಿ ಸೈಕಲ್ ಸವಾರಿಯ ಪರೀಕ್ಷೆಯೂ ಇದೆ. ಮಗುವನ್ನು ಪರೀಕ್ಷಿಸುವವರು ರಸ್ತೆಯನ್ನೂ ಪರೀಕ್ಷಿಸಿ ತಿದ್ದಿದರು ಎಂಬುದೇ ಇಲ್ಲಿ ಮುಖ್ಯ.

ನಮ್ಮ ಹೆದ್ದಾರಿಗಳು ನಾಳೆಯೇ ಬದಲಾಗಲಾರವು. ಆದರೆ ಶಾಲಾ ಮೈದಾನದಲ್ಲೋ ಚರ್ಚಿನ ಅಂಗಳದಲ್ಲೋ ಹಿಂದಿರುಗಿ ನೋಡುವ, ಕೈ ತೋರಿಸುವ ಅಭ್ಯಾಸವನ್ನು ಮಾಡಿಸಬಹುದು. ಸುತ್ತುಬಳಸಾದರೂ ಒಳದಾರಿಯನ್ನು ಆರಿಸಿ, ಕೆಲವು ವಾರ ಮಗುವಿನ ಹಿಂದೆಯೇ ಸೈಕಲಿನಲ್ಲಿ ಹೋಗಬಹುದು. ದೊಡ್ಡ ರಸ್ತೆಯಲ್ಲಿ ಸೈಕಲಿನಿಂದ ಇಳಿದು, ತಳ್ಳಿಕೊಂಡು ದಾಟಲು ಕಲಿಸಬಹುದು. ಮಳೆಗಾಲದಲ್ಲಿ ಒದ್ದೆಯಾದ ಬ್ರೇಕ್ ತಡವಾಗಿ ಹಿಡಿಯುತ್ತದೆ ಎಂಬುದನ್ನೂ ತಿಳಿಸಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಸ್ಟಿಯರಿಂಗ್ ಹಿಡಿದ ನಾವು ಶಾಲೆಯ ಆಸುಪಾಸಿನಲ್ಲಿ ವೇಗವನ್ನು 30 ಕಿ.ಮೀ.ಗೆ ಇಳಿಸೋಣ. ಮಗುವಿಗೆ ಇನ್ನೂ ಬಾರದ ವಿವೇಕ ನಮ್ಮಲ್ಲಿ ಈಗಾಗಲೇ ಇರಬೇಕಾದುದು. ಅದನ್ನು ಬಳಸಲು ನಮಗೆ ಯಾವ ಸರಕಾರದ ಆದೇಶವೂ ಬೇಕಾಗಿಲ್ಲ.