ಡಿಬಿ ಡಬ್ಬಕ್ಕೆ ಬಂದಾಗ ಜಿಪುಣತನ ಯಾಕೆ ಸ್ವಾಮಿ?

ನಮ್ಮೂರ ಬಡಾವಣೆಗಳಲ್ಲಿ ಏಳುವ ಹೊಸ ಮನೆಗಳನ್ನು ನೋಡಿ. ನೆಲಕ್ಕೆ ಗ್ರಾನೈಟು, ಬಾಗಿಲಿಗೆ ತೇಗ, ಗೃಹಪ್ರವೇಶದ ಊಟಕ್ಕೆ ಎರಡು ಥರ ಪಾಯಸ. ಎಲ್ಲದಕ್ಕೂ ದುಡ್ಡಿದೆ. ಹಳೇ ಫ್ಯೂಸ್ ಬೋರ್ಡಿನ ಜಾಗಕ್ಕೆ ಬಂದಿರುವ ಡಿಬಿ ಬಾಕ್ಸಿನ ಮಾತು ಬಂದ ಕೂಡಲೇ ಯಜಮಾನರಿಗೆ ಉಳಿತಾಯ ನೆನಪಾಗುತ್ತದೆ. 'ಹೆಂಗೋ ಒಂದು ಹಾಕಪ್ಪ, ಒಳಗಿರೋದನ್ನ ಯಾರು ನೋಡ್ತಾರೆ' ಅಂತಾರೆ. ಅವನೂ ಹೆಂಗೋ ಒಂದು ಹಾಕಿ ಹೋಗುತ್ತಾನೆ.

'ಎಂಸಿಬಿ ಹಾಕಿಸಿದ್ದೀವಲ್ರೀ, ಶಾಕ್ ಹೊಡೆದರೆ ತಾನೇ ಬೀಳುತ್ತೆ' ಅನ್ನುವವರೇ ಜಾಸ್ತಿ. ಶುದ್ಧ ಸುಳ್ಳು. ಎಂಸಿಬಿ ಇರೋದು ವೈರು ಸುಡದಂತೆ ಕಾಯಲಿಕ್ಕೆ. ಗೀಸರಿನ 16 ಆಂಪಿಯರ್ ಎಂಸಿಬಿ ಅಂದರೆ 16,000 ಮಿಲಿ ಆಂಪಿಯರ್. ಮನುಷ್ಯನ ಎದೆಯಲ್ಲಿ 100 ಮಿಲಿ ಆಂಪಿಯರ್ ಹರಿದರೆ ಜೀವ ಹೋಗಬಹುದು. ಬಚ್ಚಲಲ್ಲಿ ಒದ್ದೆ ಕಾಲಲ್ಲಿ ನಿಂತು ಕೆಟ್ಟ ಗೀಸರ್ ಮುಟ್ಟಿದವನು ಸತ್ತು ಬಿದ್ದರೂ ಎಂಸಿಬಿ ಅಲುಗಾಡದೆ ನಿಂತಿರುತ್ತದೆ.

ಅಲ್ಲಿ ಬೇಕಾದ್ದು ಆರ್‌ಸಿಸಿಬಿ. ಅಂಗಡಿಯವರು ಸಂಜೆ ಗಲ್ಲಾ ತಾಳೆ ನೋಡಿದ ಹಾಗೆ, ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ಸೋರಿಕೆ 30 ಮಿಲಿ ಆಂಪಿಯರ್ ಮುಟ್ಟಿತೋ, ಹೆಚ್ಚೆಂದರೆ 0.3 ಸೆಕೆಂಡಿನಲ್ಲಿ ಲೈನ್ ಕಟ್. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ನಿಂತವನನ್ನು ಮಾತ್ರ ಅದೂ ಕಾಪಾಡಲಾರದು. ಓವರ್‌ಲೋಡೂ ಅದರ ಕೆಲಸವಲ್ಲ, ಹಾಗಾಗಿ ಎಂಸಿಬಿಯೂ ಇರಬೇಕು. (ಲೈಟಿನ ಸಣ್ಣ ವೈರಿಗೆ 32 ಆಂಪಿಯರ್ ಎಂಸಿಬಿ ಹಾಕುವ ಶೂರರಿದ್ದಾರೆ. ಅಲ್ಲಿ ವೈರೇ ಫ್ಯೂಸು.)

ಕಣ್ಕಟ್ಟು ನಡೆಯೋದು ಇಲ್ಲೇ. ಆರ್‌ಸಿಸಿಬಿ ಜಾಗದಲ್ಲಿ ಐಸೋಲೇಟರ್ ಕೂರಿಸುತ್ತಾರೆ. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಅದು ಬರೀ ಕೈಯಿಂದ ಹಾಕಿ ತೆಗೆಯುವ ಸ್ವಿಚ್ಚು. ಆರ್‌ಸಿಸಿಬಿ ಮೇಲೆ 'ಟಿ' ಅಂತ ಟೆಸ್ಟ್ ಗುಂಡಿ ಇರುತ್ತದೆ, 30 ಮಿಲಿ ಆಂಪಿಯರ್ ಅಂತ ಬರೆದಿರುತ್ತದೆ. ಐಎಸ್‌ಐ ಗುರುತೂ ನೋಡಿ. ಕರೆಂಟ್ ಇದ್ದಾಗ ಗುಂಡಿ ಒತ್ತಿ, ಬೀಳಲಿಲ್ಲವಾದರೆ ಕೂಲಿ ಕೊಡಬೇಡಿ.

ಇನ್ನು ಕೆಲವರು ಹಾಕಿಸಿದ ಆರ್‌ಸಿಸಿಬಿಯನ್ನೇ 'ಸುಮ್ಸುಮ್ನೆ ಬೀಳುತ್ತೆ ಸಾರ್' ಅಂತ ಬೈಪಾಸ್ ಮಾಡಿ ಹೋಗುತ್ತಾರೆ. ಸುಮ್ಮನೆ ಯಾಕೆ ಬೀಳುತ್ತಪ್ಪ? ಎಲ್ಲೋ ಗೋಡೆಗೆ ತೇವ ಹಿಡಿದಿದೆ, ಇಲ್ಲ ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಮನೆಯ ನ್ಯೂಟ್ರಲ್ಲಿಗೆ ಕಲಸಿದ್ದೀಯ. ಅದನ್ನು ಹುಡುಕಿ ಬಿಡಿಸಲು ಅರ್ಧ ದಿನ ಬೇಕು, ಬೈಪಾಸಿಗೆ ಎರಡು ನಿಮಿಷ ಸಾಕು.

ಮನೆಗಳಿಗೆ 30 ಮಿಲಿ ಆಂಪಿಯರಿನ ರಕ್ಷಣೆ ಇರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲೇ ನಿಯಮ ಮಾಡಿತು. ಸಣ್ಣ ಲೋಡಿನ ಮನೆಗಳನ್ನು ಮಾತ್ರ ಹೊರಗಿಟ್ಟಿತು. ಒಂದೇ ಬಲ್ಬಿನ ತಗಡಿನ ಮನೆಯವನಿಗೆ ಶಾಕ್ ಹೊಡೆಯಲ್ಲ ಅಂತ ದಿಲ್ಲಿಯವರಿಗೆ ಯಾರು ಹೇಳಿದರೋ! ಅದಿರಲಿ, ನಿಯಮಕ್ಕೆ ಒಳಪಟ್ಟ ಮನೆಗಳಲ್ಲಾದರೂ ಇದೆಯಾ? ಕಂಟ್ರಾಕ್ಟರ್ ಸಹಿ ಹಾಕಿದ ಕಾಗದ ನೋಡಿದರೆ ಸಾಲದು. ಮೀಟರ್ ಕೂರಿಸಲು ಬರುವ ವಿದ್ಯುತ್ ಕಂಪನಿಯವರು ಆ ದಿನವೇ ಡಬ್ಬದ ಮುಚ್ಚಳ ತೆಗೆಸಿ, ಎಲ್ಲರ ಎದುರಿಗೆ ಆ ಗುಂಡಿ ಒತ್ತಿ ನೋಡಲಿ.